ಶೋಭಾಳ ಶಿನ್ ಗಾರ್ಡ್

ಒದ್ದೆ ರಟ್ಟಿನ ವಾಸನೆ ಬಂದರೆ ಈಗಲೂ ಸದಲಗಾದ ಆ ಫುಟ್‌ಬಾಲ್ ಮೈದಾನ ನನ್ನ ಕಣ್ಣ ಮುಂದೆ ಬರುತ್ತದೆ.

ಆಗ ನಾನು ಏಳನೇ ತರಗತಿಯಲ್ಲಿದ್ದೆ. ಆಟ ಶುರುವಾಗುವ ಮೊದಲು ರೆಫರಿ ಒಬ್ಬೊಬ್ಬರ ಮೊಣಕಾಲ ಕೆಳಗೆ ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ನನ್ನ ಸಾಕ್ಸಿನೊಳಗೆ ಒದೆತದಿಂದ ಕಾಲು ಕಾಯುವ ಶಿನ್ ಗಾರ್ಡ್ ಇರಲಿಲ್ಲ. ಬೆವರಿಗೆ ಮೆತ್ತಗಾದ ರಟ್ಟು ಇತ್ತು.

"ಇದು ನಡಿಯಂಗಿಲ್ಲವಾ, ಕಾಲು ಮುರದೀತು" ಎಂದರು.

ನಮ್ಮ ಕೋಚ್ ಸರ್ ಗೆರೆ ದಾಟಿ ಬಂದು ಕೂಗಾಡಿದರು. "ಸಣ್ಣ ಹುಡುಗ್ಯಾರ ಆಟಕ್ಕ ಇಷ್ಟ ಕಾಯ್ದೆ ಯಾಕ್ರಿ?"

ರೆಫರಿ ದನಿ ಏರಿಸಲಿಲ್ಲ. "ಗೆರಿ ಹಿಂದ ನಿಂದರ್ರಿ ಸರ್. ಗಾರ್ಡ್ ಇದ್ರ ಆಡ್ಲಿ, ಇಲ್ಲಂದ್ರ ಇಲ್ಲ."

ಎರಡನೇ ಅರ್ಧದಲ್ಲಿ ಆಡಬೇಕಿದ್ದ ಶೋಭಾ ಗಾರ್ಡ್ ಕಟ್ಟಿಕೊಂಡು ಹೊರಗೆ ಕುಳಿತಿದ್ದಳು. ಸರ್ ಅವಳತ್ತ ಕೈ ಚಾಚಿದರು. "ನಿನ್ನವು ಬಿಚ್ಚಿ ಕೊಡು."

"ಆ ಹುಡುಗೀನ್ನೂ ಒಂದ್ ಮಾತ ಕೇಳ್ರಿ" ಎಂದರು ರೆಫರಿ. ಸರ್ ಕೇಳಲಿಲ್ಲ. ನಾನೂ ಕೇಳದೆ ಕಾಲು ಮುಂದೆ ಮಾಡಿದೆ. ಗಾರ್ಡ್ ಇನ್ನೂ ಬೆಚ್ಚಗಿದ್ದವು.

ಗೋಲು ಹೊಡೆದು ಕುಣಿದೆ. ಎರಡನೇ ಅರ್ಧದಲ್ಲೂ ಗಾರ್ಡ್ ನನ್ನ ಕಾಲಲ್ಲೇ ಉಳಿದವು, ಶೋಭಾ ಹೊರಗೇ ಉಳಿದಳು. ಪಂದ್ಯ ಮುಗಿಯುವ ಹೊತ್ತಿಗೆ ಶೋಭಾಳ ಅವ್ವ ಕಬ್ಬಿನ ಹೊಲದಿಂದ ನೇರ ಬಂದು ನಿಂತಿದ್ದರು. ಸೀರೆಗೆ ರವದಿಯ ಒಣ ಗರಿಯ ಚೂರುಗಳು ಅಂಟಿದ್ದವು. ಮಗಳ ಆಟ ನೋಡಲು ಅವರು ಬಂದದ್ದು ಅದೇ ಮೊದಲು. ನನ್ನ ತಲೆ ಸವರಿ, "ನಾ ಬರೂದ್ರಾಗ ನಮ್ಮ ಶೋಭಾನ ಆಟ ಮುಗೀತೇನವಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಶೋಭಾ ಓಡಿ ಬಂದಳು.

"ಕಾಲ ನೋಯಾಕತ್ತಿತ್ತಬೇ ಯವ್ವಾ. ನಾನ ಆಡಂಗಿಲ್ಲ ಅಂದ್ನಿ."