ತಾಪಮಾನ ಸರಿಯಿದೆ

ಎಲ್ಲ ಸೊಸೆಯರಿಗೂ ಮಾಡುವಂತೆ, ಮದುವೆಯ ಮಾರನೆಯ ದಿನ ನನ್ನ ಹೆಗಲಿನೊಳಗೂ ರೌಟರ್ ಕೂರಿಸಿದರು. ಇಪ್ಪತ್ತಾರು ವರ್ಷಗಳಿಂದ ಈ ಮನೆಯ ನೆಟ್‌ವರ್ಕ್ ನನ್ನ ಮೈಯಲ್ಲೇ ಓಡುತ್ತಿದೆ. ಅದು ಹೆಚ್ಚು ಓಡಿದಷ್ಟೂ ಮೈ ಕಾಯುತ್ತದೆ.

ಇಂದು ಬೆಳಿಗ್ಗೆ ದೋಸೆ ಹುಯ್ಯುವಾಗ ತಲೆ ಸುತ್ತಿತು. "ಮೈ ಸುಡ್ತಿದೆ ರೀ," ಅಂದೆ.

ನನ್ನ ಗಂಡ ವಾದಿರಾಜ ಕುರ್ಚಿಯಿಂದ ಏಳದೆ, ಕಂಪ್ಯೂಟರಿನಲ್ಲಿ ರೌಟರಿನ ಸ್ಥಿತಿ ಕೇಳುವ ಎಂದಿನ ಕಮಾಂಡ್ ಟೈಪ್ ಮಾಡಿದರು. "ತಾಪಮಾನ ಸರಿಯಿದೆ ಅಂತ ಬಂದಿದೆ ನೋಡೆ. ನಿಂಗೆ ಸುಮ್ನೆ ಹಾಗನ್ಸತ್ತೆ. ಇನ್ನೊಂದು ದೋಸೆ ಹಾಕು."

ಸೌಟು ಕೆಳಗಿಟ್ಟು ಕೀಬೋರ್ಡ್ ಎಳೆದುಕೊಂಡೆ. ಇವರು ಎಂದೂ ಕೇಳದ ಪೂರ್ತಿ ವಿವರವನ್ನು ಕೇಳಿದೆ. ನನ್ನ ಶಾಖ ನೂರಮೂರು ಡಿಗ್ರಿ. ಎಚ್ಚರಿಕೆಯ ಸದ್ದು ಬರಬೇಕಾದ ಮಿತಿ ಮೊದಲು ನೂರು ಇತ್ತು, ಈಗ ನೂರೈದು. ಐದು ಸಲ ಏರಿಸಿದ್ದರು. ಐದು ಸಲವೂ ಇವರದೇ ಹೆಸರು.

"ಇದೇನ್ರೀ?"

"ಮ್ಯಾಚ್ ಮಧ್ಯೆ ಕುಯ್ ಅಂತಿತ್ತು ಕಣೆ, ಅದಕ್ಕೆ," ಅಂದರು, ಚಟ್ನಿ ಹಾಕಿಕೊಳ್ಳುತ್ತ.

ರೌಟರ್ ನಿಲ್ಲಿಸುವ ಕಮಾಂಡ್ ಟೈಪ್ ಮಾಡಿದೆ. 'ನಿಮಗೆ ಒಪ್ಪಿಗೆಯೇ?' ಎಂದು ಪರದೆ ಕೇಳಿತು. ಅದನ್ನು ಕೂರಿಸಿದ ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಏಯ್, ಇವತ್ತು ಫೈನಲ್ ಇದೆ," ಅಂದರು.

ಹೌದು ಎಂದು ಒತ್ತಿ, ಒಲೆ ಆರಿಸಿ, ಹೋಗಿ ಮಲಗಿದೆ.