ಬಾಗಿಲ ಪಕ್ಕದ ಕುರ್ಚಿ

"ನಾನು ಬಾಟಲಿ ಬಿಸಾಡಿದ ರಭಸಕ್ಕೆ ಊರ ನಾಯಿಗಳೆಲ್ಲ ವಾರಗಟ್ಟಲೆ ಬೊಗಳೋದನ್ನೇ ಮರೆತಿದ್ವು. ಆಮೇಲೆ ಒಂದು ಹನಿ ಮುಟ್ಟಿದ್ರೆ ಕೇಳಿ," ಎಂದು ಕುಡಿತ ಬಿಡಿಸುವ ಕೇಂದ್ರದ ಸಭೆಯಲ್ಲಿ ಲಾರಿಯಣ್ಣ ಮೀಸೆ ತಿರುವಿದ.

ಬಾಗಿಲ ಪಕ್ಕದ ಕುರ್ಚಿಯಿಂದ ದರ್ಜಿ ದಡಕ್ಕನೆ ಎದ್ದು ಚೀಲ ಹೆಗಲಿಗೇರಿಸಿದ. ಬಿಟ್ಟು ಮತ್ತೆ ಕುಡಿದವರು ತಿರುಗಿ ಬಂದಾಗ ಅಲ್ಲೇ ಕೂರುವುದು ಕೇಂದ್ರದ ಪದ್ಧತಿ. "ಸಾಕಣ್ಣ. ನಿಮ್ಮಂಥ ಗಟ್ಟಿ ಆಳುಗಳ ಮಧ್ಯೆ ನನಗೇನು ಕೆಲಸ? ಇದು ನನ್ನ ಕೈಲಾಗೋದಲ್ಲ."

ಕೇಂದ್ರದಲ್ಲಿ ಅಡುಗೆ ಮಾಡುವ ಲಾರಿಯಣ್ಣನ ಹೆಂಡತಿ ಸೌಟು ಹಿಡಿದೇ ನುಗ್ಗಿದಳು. ಅವಳ ಕಣ್ಣಿನ ಕೆಂಡದಲ್ಲಿ ಅಷ್ಟೂ ಜನಕ್ಕೆ ಅನ್ನ ಬೇಯಿಸಬಹುದಿತ್ತು. ಆ ಕುರ್ಚಿಯನ್ನು ದರದರನೆ ಎಳೆದು ತಂದು ಗಂಡನ ಮುಂದೆ ಕುಕ್ಕಿದಳು. "ಇದರ ಕಾಲು ಯಾರು ಕೂತು ಕೂತು ಕುಂಟಾಯ್ತು, ಹೇಳ್ರಿ. ನಿಮ್ಮ ಬಡಾಯಿ ಕೇಳಿ ಈತ ಹೊರಗೆ ಹೋಗಿ ಕುಡಿದು ಸತ್ರೆ, ಅವನ ಹೆಂಡತಿಗೆ ಯಾವ ಮುಖ ತೋರಿಸ್ತೀರಿ?"

ಸುಳ್ಳಿಗೆ ಎಂದೂ ಬರಗಾಲವಿರದ ಲಾರಿಯಣ್ಣ ಮೀಸೆಯಿಂದ ಕೈ ತೆಗೆದ. ಕುರ್ಚಿಯಲ್ಲಿ ಕೂತ. ಅದು ಹಳೆಯ ಗುರುತಿನವರಂತೆ ಅವನ ಭಾರಕ್ಕೆ ವಾಲಿತು.

"ನಾನೇ ತಮ್ಮಾ," ಎಂದ ದರ್ಜಿಗೆ. "ಬಾಟಲಿ ನಾನು ಬಿಸಾಡ್ಲಿಲ್ಲ, ಇವಳು ಕಿತ್ಕೊಂಡಳು. ಆಮೇಲೂ ಕುಡಿದು ಬಂದು ಇಲ್ಲಿ ಕೂತಿದೀನಿ, ಲೆಕ್ಕ ಇಲ್ಲದಷ್ಟು ಸಲ. ಕೊನೇ ಸಲ ಕೂತಿದ್ದು ಹೋದ ವರ್ಷ."