ಕಾಳಿಗೊಂದು ಸಾಲು

"ಈ ಮಗೀನ ಕಾಲಿಗೆ ಚಕ್ರ ಕಟ್ಟಿ ಕಳಿಸ್ದೋರು ಯಾರಪ್ಪಾ?" ಹನುಮಂತಮ್ಮ ಒಲೆಯ ಕೆಂಡ ಊದುತ್ತಾ ಯಾರಿಗೆಂದಿಲ್ಲದೆ ಕೇಳಿದರು. ಕೆಂಡದ ಮೇಲೆ ಅರಿಶಿನದ ಕೊಂಬು ಕಾಯುತ್ತಿತ್ತು. ನಿಂತಲ್ಲಿ ನಿಲ್ಲದ, ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದ ಮೊಮ್ಮಗಳು ಚಂದ್ರಿಗೆ ಅದರಿಂದ ಬರೆ ಹಾಕಿದರೆ ಮನಸ್ಸು ಒಂದು ಕಡೆ ನಿಲ್ಲುತ್ತದೆಂದು ಅವರ ನಂಬಿಕೆ. ಆಗ ಮಗುವಿನ ಕಾಲನ್ನು ಹೆತ್ತವಳೇ ಹಿಡಿಯಬೇಕು.

"ಅತ್ತೆ, ತುಮಕೂರಿನ ಡಾಕ್ಟ್ರು ಹೇಳವ್ರಲ್ಲ, ಸುಮ್ನೆ ಕೂತ್ಕೋ ಅಂತ ಗದರಬೇಡಿ, ಕೈಗೊಂದು ಕೆಲ್ಸ ಕೊಟ್ಟು ಒಂದೊಂದೇ ಮಾತು ಹೇಳ್ಕೊಡಿ ಅಂತ. ಅದ್ರಲ್ಲೂ ಆಗ್ದಿದ್ರೆ ಮಾತ್ರೆ ನೋಡಾನ ಅಂದವ್ರೆ," ಎಂದಳು ಸೊಸೆ ರೇವಮ್ಮ.

"ನಿನ್ ಗಂಡಂಗೂ ನಾನೇ ಹಾಕಿದ್ದು ಕಣೇ. ಈಗ ಸತ್ಯಮಂಗಲದ ಫ್ಯಾಕ್ಟ್ರೀಲಿ ಮಿಷನ್ ಮುಂದೆ ಕಂಬದಂಗೆ ನಿಲ್ಲಲ್ವಾ?"

"ಮನೇಲೂ ಕಂಬವೇ. ಕೂಗಿದ್ರೂ ಓ ಅನ್ನಲ್ಲ."

ರೇವಮ್ಮ ನೆನೆಸಿದ ಅವರೆಕಾಳಿನ ಬೋಗುಣಿಯನ್ನು ಮಗಳ ಮುಂದಿಟ್ಟು, ಶಾಲೆಯ ಪದ್ಯದ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು. ಚಂದ್ರಿ ಒಂದು ಕಾಳು ಹಿತುಕಿದಳು. ಅದು ಸಿಪ್ಪೆಯಿಂದ ಚಿಮ್ಮಿ ಅಜ್ಜಿಯ ಸೆರಗಿಗೆ ಬಿತ್ತು. ಕಿಲಕಿಲ ನಕ್ಕು ಮತ್ತೊಂದು ಹಿತುಕಿ, ಎರಡನೆಯ ಸಾಲು ಹೇಳಿದಳು. ಕಾಲು ಕುಣಿಯುತ್ತಲೇ ಇತ್ತು. ಆದರೂ ಕಾಳಿಗೊಂದು ಸಾಲಿನಂತೆ, ಎಂದೂ ಅರ್ಧ ದಾಟದ ಪದ್ಯ ಕೊನೆಯವರೆಗೂ ರಾಗವಾಗಿ ಬಂತು.

ಹನುಮಂತಮ್ಮ ಕೆಂಡ ಊದುವುದನ್ನೇ ಮರೆತು ಕೇಳುತ್ತಿದ್ದರು. ಆಮೇಲೆ ಎಚ್ಚೆತ್ತವರಂತೆ, "ಕೊಂಬು ಕಾದೈತೆ. ಬಾ, ಕಾಲು ಹಿಡ್ಕೋ," ಎಂದರು. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ರೇವಮ್ಮ ಬೋಗುಣಿಗೆ ಇನ್ನೊಂದು ಬೊಗಸೆ ಕಾಳು ಸುರಿದಳು.

"ನಾನು ಹಿಡಿಯಲ್ಲ, ಅತ್ತೆ."